ಕೊಳ್ಳುವವರ ತಕ್ಕಡಿ

(ಜುಮಾ ಬಯಾನ್‌ನ ಸಾರಾಂಶ, ಮೈಸೂರು)



ಸಹೋದರರೇ, ಕಳೆದ ಜುಮಾದಲ್ಲಿ ನಾವು ಅಳತೆ-ತೂಕದಲ್ಲಿ ಮೋಸ ಮಾಡುವವರ ಬಗ್ಗೆ, ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯ ಅಲ್ ಮುತಫ್ಫಿಫೀನ್‌ನ ಆರಂಭದ ವಚನಗಳ ಬಗ್ಗೆ ಮಾತನಾಡಿದ್ದೆವು. ನಮಾಝ್ ಮುಗಿದ ಮೇಲೆ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಹಿರಿಯರೊಬ್ಬರು ಬಂದು, “ಹಝ್ರತ್, ಪ್ರತಿ ಸಲ ಏಟು ಅಂಗಡಿಯವರಿಗೇ ಬೀಳುತ್ತದೆ. ಗಿರಾಕಿಗಳಿಗೆ ಏನೂ ಇಲ್ಲವೇ?” ಎಂದರು. ನಗುತ್ತಲೇ ಕೇಳಿದರು, ಆದರೆ ಪ್ರಶ್ನೆ ನಗುವಂಥದ್ದಲ್ಲ. ಆ ಅಧ್ಯಾಯದಲ್ಲಿ ಮೊದಲು ಬರುವುದೇ ಜನರಿಂದ ಅಳೆದು ತೆಗೆದುಕೊಳ್ಳುವಾಗ ಒಂದು ಕಾಳೂ ಬಿಡದೆ ಪೂರ್ತಿ ತೆಗೆದುಕೊಳ್ಳುವವರ ವಿಚಾರ. ತಾವು ಅಳೆದು ಕೊಡುವಾಗ ಕಡಿಮೆ ಕೊಡುವ ವಿಚಾರ ಅದರ ನಂತರದ್ದು. ಎರಡೂ ಒಬ್ಬನದೇ ನಡತೆ. ಅಂಗಡಿಯಲ್ಲಿ ಮಾಲು ಪಡೆಯುವಾಗ ನಾವು ತೆಗೆದುಕೊಳ್ಳುವವರು, ದುಡ್ಡು ಎಣಿಸುವಾಗ ನಾವೇ ಕೊಡುವವರು. ಆದ್ದರಿಂದ ಇಂದು ಗಿರಾಕಿಯ ಸರದಿ. ಎಲ್ಲ ವ್ಯಾಪಾರದ ಬಗ್ಗೆ ಹೇಳಲು ಸಮಯ ಸಾಲದು. ಕೆಲಸದ ಸಾಮಾನಿನ ಬಗ್ಗೆ, ನಮ್ಮ ಮನೆಮಾತಿನಲ್ಲಿ ಔಜಾರ್ ಎನ್ನುತ್ತೇವಲ್ಲ, ಅದರ ಬಗ್ಗೆ ಮಾತ್ರ ಮಾತನಾಡೋಣ.

ಔಜಾರನ್ನೇ ಏಕೆ ಆರಿಸಿಕೊಂಡೆವು ಎಂದರೆ, ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾದಿಂದ ಹಿಡಿದು ಉದಯಗಿರಿ, ರಾಜೀವ್‌ನಗರ, ಶಾಂತಿನಗರದ ವರೆಗೆ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಕೈಕೆಲಸದಿಂದ. ಗ್ಯಾರೇಜು, ವೆಲ್ಡಿಂಗ್, ಮರಗೆಲಸ, ವೈರಿಂಗ್, ಹೊಲಿಗೆ. ಬೀಟೆ ಮರದಲ್ಲಿ ಚಿತ್ರ ಕೂರಿಸುವ ಮೈಸೂರಿನ ಇನ್‌ಲೇ ಕೆಲಸದವರೂ ನಮ್ಮ ನಡುವೆ ಇದ್ದಾರೆ. ದಾರದಷ್ಟು ಸಣ್ಣ ಗರಗಸದ ಬ್ಲೇಡು ಸ್ವಲ್ಪ ಅಲುಗಿದರೆ ಅವರ ಒಂದು ದಿನದ ಶ್ರಮ ಹಾಳು. 1996ರಲ್ಲಿ ಮುಚ್ಚಿಹೋದ ಜಾವಾ ಕಾರ್ಖಾನೆಯ ಗಾಡಿಗಳನ್ನು ಬಿಚ್ಚಿ ಜೋಡಿಸಿ ಕೆಲಸ ಕಲಿತ ಮೇಸ್ತ್ರಿಗಳು ಈ ಊರಿನಲ್ಲಿ ಇನ್ನೂ ಇದ್ದಾರೆ. ಇವರಾರಿಗೂ ಹೊಲವಿಲ್ಲ, ಪಿಂಚಣಿಯಿಲ್ಲ. ರೈತನಿಗೆ ಹೊಲ ಹೇಗೋ ಇವರಿಗೆ ಔಜಾರಿನ ಪೆಟ್ಟಿಗೆ ಹಾಗೆ.

ಈಗ ಅಂಗಡಿಯ ಕೌಂಟರಿಗೆ ಬನ್ನಿ. ಗಿರಾಕಿಯ ಮೊದಲ ಮಾತು ಯಾವ ಕೆಲಸಕ್ಕೆ ಬೇಕು ಎಂಬುದಲ್ಲ, “ಇದಕ್ಕಿಂತ ಕಮ್ಮೀದು ಇಲ್ವಾ?” ಎಂಬುದು. ಅಂಗಡಿಯವರು ಒಂದು ಉಳಿ ತೋರಿಸುತ್ತಾರೆ, ಗಿರಾಕಿ ತಲೆಯಾಡಿಸುತ್ತಾನೆ. ಎರಡನೆಯದನ್ನು ತೋರಿಸುತ್ತಾರೆ, ಅದೂ ಜಾಸ್ತಿಯಾಯಿತು. ಆಗ ಕೆಳಗಿನ ಖಾನೆಯಿಂದ ಮೂರನೆಯದು ಮೇಲೆ ಬರುತ್ತದೆ. “ತಗೊಳ್ಳಿ, ನಿಮ್ಮ ರೇಟಿಗೂ ಮಾಲಿದೆ.” ಈ ಮಾತನ್ನು ಸ್ವಲ್ಪ ಯೋಚಿಸಿ ನೋಡಿ. ಮಾಲಿಗೆ ರೇಟು ಹಾಕುವುದು ಬಿಟ್ಟು, ರೇಟಿಗೆ ಮಾಲು ಮಾಡುವ ಕಾಲ ಇದು. ನಾವು ಕೌಂಟರಿನಲ್ಲಿ ಹತ್ತು ರೂಪಾಯಿ ಇಳಿಸಿದರೆ ಅಂಗಡಿಯವರು ಹೋಲ್‌ಸೇಲಿನವರಿಗೆ ಫೋನು ಮಾಡಿ ಹನ್ನೆರಡು ಇಳಿಸಲು ಹೇಳುತ್ತಾರೆ, ಅವರು ತಯಾರಿಸುವವನ ಕುತ್ತಿಗೆಗೆ ಬರುತ್ತಾರೆ. ತಯಾರಿಸುವವನಿಗೆ ಬಾಡಿಗೆ ಇಳಿಸಲು ಆಗುವುದಿಲ್ಲ, ಕರೆಂಟ್ ಬಿಲ್ ಇಳಿಸಲು ಆಗುವುದಿಲ್ಲ. ಅವನ ಕೈಯಲ್ಲಿ ಇರುವುದು ಮೂರೇ. ಒಂದು ಉಕ್ಕು, ಇನ್ನೊಂದು ಬೆಂಕಿಗೆ ಕೊಡುವ ಸಮಯ, ಮತ್ತೊಂದು ಕೆಲಸಗಾರನ ಕೂಲಿ. ನಮ್ಮ ಹತ್ತು ರೂಪಾಯಿಯನ್ನು ಅವನು ಈ ಮೂರರಿಂದಲೇ ಕಿತ್ತು ಕೊಡುತ್ತಾನೆ.

ಉಳಿಯ ಬಾಯಿ ಹರಿತವಾಗಿ ನಿಲ್ಲಬೇಕಾದರೆ ಉಕ್ಕಿನಲ್ಲಿ ಇಂಗಾಲದ ಅಂಶ ಸಾಕಷ್ಟು ಇರಬೇಕು. ಅದನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಬೇಕು. ಅಲ್ಲಿಗೆ ಅದು ಗಡುಸಾಗುತ್ತದೆ, ಆದರೆ ಗಾಜಿನಂತೆ ಒಡೆಯುವ ಗುಣವೂ ಬಂದುಬಿಡುತ್ತದೆ. ಅದಕ್ಕಾಗಿ ಮತ್ತೊಮ್ಮೆ ಹಗುರವಾಗಿ ಕಾಯಿಸಿ ಹದಕ್ಕೆ ತರಬೇಕು. ನಮ್ಮ ಕಡೆಯ ಕಮ್ಮಾರರು ಮಚ್ಚು, ಕತ್ತಿಗೆ ಹಳೆಯ ಲಾರಿಯ ಕಮಾನ್ ಪಟ್ಟಿ ಹುಡುಕುವುದು ಸುಮ್ಮನೆ ಅಲ್ಲ, ಅದರಲ್ಲಿ ಹದ ಹಿಡಿಯುವ ಉಕ್ಕಿದೆ. ಕಿಟಕಿ ಸರಳು ಮಾಡುವ ಮೆತ್ತನೆಯ ಕಬ್ಬಿಣವನ್ನು ಎಷ್ಟು ಕಾಯಿಸಿ ಅದ್ದಿದರೂ ಆ ಗಡುಸು ಬರುವುದಿಲ್ಲ. ಉಕ್ಕನ್ನು ಬದಲಾಯಿಸಿದರೆ ಬಾಯಿ ಮಡಚಿಕೊಳ್ಳುತ್ತದೆ, ಎರಡನೆಯ ಬೆಂಕಿಯನ್ನು ಬಿಟ್ಟರೆ ಬಾಯಿ ಚೂರಾಗಿ ಹಾರುತ್ತದೆ. ಮೇಲೆ ನಿಕ್ಕಲ್ ಹೊಳಪು ಕೊಟ್ಟರೆ ಎರಡೂ ಕಾಣುವುದಿಲ್ಲ. ಹೊಳಪು ಅಗ್ಗ, ಹದ ದುಬಾರಿ. ನಾವು ಕಣ್ಣಿನಿಂದ ನೋಡಿ ಕೊಳ್ಳುವವರಾದ್ದರಿಂದ ನಮಗೆ ಸಿಗುವುದು ಹೊಳಪೇ.

ಇದರ ಪರಿಣಾಮ ಬರೀ ದುಡ್ಡಿನ ನಷ್ಟವಾಗಿದ್ದರೆ ಮಿಂಬರಿನ ಬಳಿ ಇಷ್ಟು ಹೊತ್ತು ಮಾತನಾಡುತ್ತಿರಲಿಲ್ಲ. ಮೆಕ್ಯಾನಿಕ್‌ಗಳು ಪಾನಾ ಎನ್ನುವ ಸ್ಪ್ಯಾನರನ್ನೇ ತೆಗೆದುಕೊಳ್ಳಿ. ಬಾಯಿ ಸ್ವಲ್ಪ ಅಗಲವಾದರೆ ನಟ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ, ಪೂರ್ತಿ ಬಲ ಹಾಕಿದಾಗ ಜಾರುತ್ತದೆ, ಹುಡುಗನ ಬೆರಳಿನ ಗೆಣ್ಣು ಎಂಜಿನ್ನಿಗೆ ಬಡಿಯುತ್ತದೆ. ಗಿರಾಕಿಯ ನಟ್ಟು ಹಾಳಾದದ್ದಕ್ಕೆ ಬೈಗುಳವೂ ಅವನಿಗೇ. ಎಲೆಕ್ಟ್ರಿಷಿಯನ್‌ಗಳ ಕಟಿಂಗ್ ಪ್ಲೇಯರಿನ ಹಿಡಿ ಕರೆಂಟ್ ತಡೆಯುವ ಪರೀಕ್ಷೆ ದಾಟಿದ್ದಾದರೆ ಅದರ ಮೇಲೆ 1000 ವೋಲ್ಟ್ ಎಂಬ ಗುರುತು ಇರುತ್ತದೆ. ಅಗ್ಗದ್ದರಲ್ಲಿ ಅದು ಬರೀ ಬಣ್ಣದ ಪ್ಲಾಸ್ಟಿಕ್ ತೋಳು, ಕೆಲವದರಲ್ಲಿ ಗುರುತನ್ನೂ ಸುಳ್ಳೇ ಒತ್ತಿರುತ್ತಾರೆ. ಟೆಸ್ಟರಿನ ಒಳಗೆ ಒಂದು ಸಣ್ಣ ರೆಸಿಸ್ಟರ್ ಇದೆ. ಬಲ್ಬಿನ ಮೂಲಕ ನಮ್ಮ ಮೈಗೆ ಹಾಯುವ ಕರೆಂಟನ್ನು ಅಪಾಯವಿಲ್ಲದಷ್ಟು ಕಡಿಮೆ ಮಾಡಿ ಕಾಯುವುದು ಅದೇ. ಕೆಲವೇ ರೂಪಾಯಿಯ ಆ ತುಂಡಿನಲ್ಲಿ ಉಳಿತಾಯ ಮಾಡಿದರೆ ಏನಾಗುತ್ತದೆ ಎಂದು ವೈರಿಂಗ್ ಮಾಡುವ ಸಹೋದರರಿಗೆ ನಾವು ಹೇಳಿಕೊಡಬೇಕಿಲ್ಲ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆ ವೇಗಕ್ಕೆ ಆಗದ ಕಟಿಂಗ್ ವೀಲನ್ನು ಹಾಕಿದರೆ ಅದು ಒಡೆದು ಹಾರುವುದು ಕಣ್ಣಿನ ಕಡೆಗೆ. ಇನ್ನು ಮೋಟಾರಿನಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತುವ ಕಥೆ ವೈಂಡಿಂಗ್ ಅಂಗಡಿಯ ಯಾರನ್ನು ಕೇಳಿದರೂ ಹೇಳುತ್ತಾರೆ.

ಅಲ್ಲಾಹನು 57ನೆಯ ಅಧ್ಯಾಯಕ್ಕೆ ಕಬ್ಬಿಣದ ಹೆಸರನ್ನೇ ಇಟ್ಟಿದ್ದಾನೆ, ಅಲ್ ಹದೀದ್. ಪ್ರವಾದಿಗಳನ್ನೂ ಗ್ರಂಥವನ್ನೂ ತಕ್ಕಡಿಯನ್ನೂ ಕಳುಹಿಸಿದ ವಿಚಾರ ಹೇಳಿದ ವಚನದಲ್ಲೇ ಕಬ್ಬಿಣವನ್ನೂ ಇಳಿಸಿದ ವಿಚಾರ ಬರುತ್ತದೆ. ಅದರಲ್ಲಿ ಮಹಾ ಬಲವಿದೆ, ಜನರಿಗೆ ಪ್ರಯೋಜನಗಳಿವೆ ಎಂದು ಅಲ್ಲಿ ತಿಳಿಸಲಾಗಿದೆ. ತಕ್ಕಡಿ ಮತ್ತು ಕಬ್ಬಿಣ ಒಂದೇ ವಚನದಲ್ಲಿ. ಇನ್ನು 34ನೆಯ ಅಧ್ಯಾಯದಲ್ಲಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೆತ್ತಗೆ ಮಾಡಿಕೊಟ್ಟ ಪ್ರಸ್ತಾಪವಿದೆ. ಅವರು ರಾಜರು, ಪ್ರವಾದಿ. ಆದರೂ ಅವರಿಗೆ ಬಂದ ಆಜ್ಞೆ ಒಬ್ಬ ಕಮ್ಮಾರನಿಗೆ ಬರುವಂಥದ್ದು. ಪೂರ್ಣ ಅಳತೆಯ ಕವಚ ಮಾಡಬೇಕು, ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕು. ಮುಫಸ್ಸಿರರು ಇದನ್ನು ವಿವರಿಸುತ್ತಾ ಮೊಳೆಯ ದಪ್ಪದ ವರೆಗೂ ಹೋಗಿದ್ದಾರೆ. ಮೊಳೆ ತೆಳ್ಳಗಾದರೆ ಬಳೆಯೊಳಗೆ ಸಡಿಲವಾಗಿ ಆಡುತ್ತದೆ, ದಪ್ಪವಾದರೆ ಬಳೆಯನ್ನೇ ಒಡೆಯುತ್ತದೆ. ಮೊಳೆಯ ಅಳತೆಯೂ ದೀನಿನ ಮಾತಾಗಿರುವಾಗ, ಪಾನಾದ ಬಾಯಿಯ ಅಳತೆ ದೀನಿನ ಹೊರಗಿನದು ಎಂದು ಯಾರು ಹೇಳುತ್ತಾರೆ?

ನಮ್ಮ ಹಿಂದಿನ ಉಲಮಾಗಳು ಇದನ್ನು ಮಸೀದಿಯಲ್ಲಿ ಹೇಳಿ ಬಿಡಲಿಲ್ಲ, ಬಜಾರಿನಲ್ಲಿ ಜಾರಿಗೆ ತಂದರು. ಪೇಟೆಯ ಮೇಲ್ವಿಚಾರಣೆಗೆ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದರು. ಅವರ ಉಪಯೋಗಕ್ಕಾಗಿ ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಅಶ್ಶೈಝರಿ ಎಂಬವರು ಬರೆದ ಗ್ರಂಥದಲ್ಲಿ ಒಂದೊಂದು ಕಸುಬಿಗೂ ಅಧ್ಯಾಯವಿದೆ. ರೊಟ್ಟಿ ಮಾರುವವರು, ನೇಕಾರರು, ಹಕೀಮರು. ಕಮ್ಮಾರರದೂ ಇದೆ. ಮೆತ್ತನೆಯ ಕಬ್ಬಿಣದಿಂದ ಚಾಕು, ಕತ್ತರಿ ಬಡಿಯಬಾರದು, ಅವು ಯಾವ ಕೆಲಸಕ್ಕೂ ಬರುವುದಿಲ್ಲ, ಅಂಥದ್ದನ್ನು ಉಕ್ಕಿನದೆಂದು ಹೇಳಿ ಮಾರುವುದು ಮೋಸ ಎಂದು ಅವರು ಬರೆದರು. ಹಳೆಯ ಮೊಳೆಗಳನ್ನು ನೆಟ್ಟಗೆ ಮಾಡಿ ಹೊಸ ಮೊಳೆಗಳ ಜೊತೆ ಬೆರೆಸಿ ಮಾರುವುದನ್ನೂ ಅವರು ತಡೆದಿದ್ದಾರೆ. ಎಂಟುನೂರು ವರ್ಷಗಳಾದವು. ಮೋಸದ ಬಗೆ ಕೂಡ ಬದಲಾಗಿಲ್ಲ ನೋಡಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಇಲ್ಲವಾದರೆ ತಪ್ಪು ತಿಳುವಳಿಕೆಯಾದೀತು. ಅಗ್ಗವಾಗಿರುವುದು ಹರಾಮ್ ಅಲ್ಲ. ಚೌಕಾಸಿ ಮಾಡುವುದೂ ಹರಾಮ್ ಅಲ್ಲ. ಟಿಪ್ಪು ಸುಲ್ತಾನರು ಶಹೀದರಾದ ಮರುವರ್ಷ, 1800ರಲ್ಲಿ, ಕಂಪನಿಯ ಕಡೆಯಿಂದ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕೆಲಸವನ್ನು ಬರೆದಿಟ್ಟಿದ್ದಾರೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಂದಿಗೆ ತಂಗಡಿ ಗಿಡದ ಕಡ್ಡಿಯನ್ನಿಟ್ಟು ಬಾಯಿ ಮುಚ್ಚಿ ಕಾಯಿಸಿ ಇಲ್ಲಿಯವರು ಉಕ್ಕು ಮಾಡುತ್ತಿದ್ದರು. ಚನ್ನಪಟ್ಟಣದ ಉಕ್ಕಿನ ತಂತಿ ವಾದ್ಯಗಳಿಗೆಂದು ದೂರದ ಊರುಗಳಿಗೆ ಹೋಗುತ್ತಿತ್ತು. ಮುಂದಿನ ನೂರು ವರ್ಷದೊಳಗೆ ವಿಲಾಯಿತಿ ಕಬ್ಬಿಣ ಬಂತು, ಅರ್ಧಕ್ಕರ್ಧ ಅಗ್ಗವಾಗಿ ಮಾರಿತು, ನಮ್ಮ ಮೂಸೆಗಳು ಆರಿದವು. ಬೇಸರದ ಸಂಗತಿ ಹೌದು. ಆದರೆ ಆ ಅಗ್ಗ ಬಂದದ್ದು ದೊಡ್ಡ ಕುಲುಮೆಯಿಂದ, ಕಲ್ಲಿದ್ದಲಿನಿಂದ, ಹೊಸ ವಿಧಾನದಿಂದ. ಸೂಜಿ ಮತ್ತು ಮೊಳೆ ಅಗ್ಗವಾದದ್ದಕ್ಕೆ ಬಡವರ ಮನೆಯಲ್ಲಿ ಯಾರೂ ಅತ್ತಿಲ್ಲ. ವಿಧಾನ ಸುಧಾರಿಸಿ ಬೆಲೆ ಇಳಿದರೆ ಅದು ಅಲ್ಲಾಹನ ಅನುಗ್ರಹ. ಮಾಲಿನ ಒಳಗಿನದನ್ನು ಕದ್ದು ಬೆಲೆ ಇಳಿದರೆ ಅದು ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ತಗುಲಿದ ಒದ್ದೆ.

ಮಾರುವವರ ಜವಾಬ್ದಾರಿ ಇದರಿಂದ ತಪ್ಪುವುದಿಲ್ಲ. ದೋಷವಿರುವ ವಸ್ತುವನ್ನು ದೋಷ ತಿಳಿಸದೆ ಮಾರುವುದು ಮುಸ್ಲಿಮನಿಗೆ ಸಲ್ಲದು ಎಂದು ಹದೀಸ್‌ನಲ್ಲಿದೆ. “ಇದು ಮೆತ್ತನೆಯ ಕಬ್ಬಿಣ, ಮನೆಯಲ್ಲಿ ಆಗೊಮ್ಮೆ ಈಗೊಮ್ಮೆ ಉಪಯೋಗಿಸಲು ಸಾಕು, ದಿನದ ಕೆಲಸಕ್ಕೆ ಬಾರದು” ಎಂದು ಹೇಳಿ ಮಾರಿದರೆ ಆ ಹಣ ಹಲಾಲ್. ಗಿರಾಕಿ ಕೇಳಲಿಲ್ಲ, ನಾನು ಹೇಳಲಿಲ್ಲ ಎನ್ನುವುದು ಉತ್ತರವಲ್ಲ.

ಆದರೆ ಗಿರಾಕಿಯ ವಿಚಾರ ಇನ್ನೂ ಬಾಕಿಯಿದೆ. ಮದ್ಯನ್‌ನ ಜನರಿಗೆ ಶುಐಬ್(ಅ)ರು ಅಳತೆ, ತೂಕ ಸರಿಪಡಿಸಿರೆಂದು ಹೇಳಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಜನರ ವಸ್ತುಗಳನ್ನು ಕಡಿಮೆ ಮಾಡಬೇಡಿರೆಂದೂ ಹೇಳಿದರು. ಕುರ್‌ಆನ್ ಇದಕ್ಕೆ ಬಳಸಿರುವ ಶಬ್ದ ಬಖ್ಸ್. ತೂಕದಲ್ಲಿ ಕಡಿತ ಮಾಡುವುದು ಒಂದು ಬಗೆಯ ಬಖ್ಸ್. ಒಬ್ಬನ ಒಳ್ಳೆಯ ಮಾಲನ್ನು ಹೀಗಳೆದು, ಅವನ ತುರ್ತನ್ನು ನೋಡಿ ಕಾಲು ಬೆಲೆಗೆ ಕಿತ್ತುಕೊಳ್ಳುವುದು ಇನ್ನೊಂದು ಬಗೆ. ಯೂಸುಫ್(ಅ)ರನ್ನು ಎಣಿಕೆಯ ಕೆಲವೇ ದಿರ್ಹಮ್‌ಗಳಿಗೆ ಮಾರಿದ ಬೆಲೆಗೂ ಕುರ್‌ಆನ್ ಇದೇ ಶಬ್ದವನ್ನು ಬಳಸಿದೆ. ಸಂಜೆ ಹೊತ್ತು ರಸ್ತೆ ಬದಿಯ ಕುಲುಮೆಯವನಿಗೆ ಅಂದಿನ ಅಕ್ಕಿಗೆ ದುಡ್ಡು ಆಗಿರುವುದಿಲ್ಲ. ಆಗ ಹೋಗಿ ಅವನ ಕತ್ತಿಯನ್ನು ಕಲ್ಲಿಗೆ ಬಡಿದು, ಮೂಗು ಮುರಿದು, ಅರ್ಧ ಬೆಲೆಗೆ ತಂದು ಮನೆಯಲ್ಲಿ ಹೆಂಡತಿಯ ಮುಂದೆ ಹೆಮ್ಮೆಪಡುತ್ತೇವೆ. ಮರುದಿನ ಅವನು ಕಮಾನ್ ಪಟ್ಟಿ ಕೊಳ್ಳುವುದನ್ನು ಬಿಡುತ್ತಾನೆ. ಮೋಸಗಾರನನ್ನು ತಯಾರು ಮಾಡಿದವರು ಯಾರು?

ಹಝ್ರತ್ ಜರೀರ್ ಬಿನ್ ಅಬ್ದುಲ್ಲಾ(ರ)ರ ಸೇವಕರು ಅವರಿಗಾಗಿ ಮುನ್ನೂರು ದಿರ್ಹಮ್‌ಗೆ ಒಂದು ಕುದುರೆ ಗೊತ್ತುಮಾಡಿ, ಹಣ ಕೊಡಿಸಲು ಮಾಲೀಕನನ್ನು ಕರೆತಂದರು. ಜರೀರ್(ರ) ಕುದುರೆಯನ್ನು ನೋಡಿದರು. ಇದು ಅದಕ್ಕಿಂತ ಹೆಚ್ಚು ಬಾಳುತ್ತದೆ, ನಾನ್ನೂರಕ್ಕೆ ಕೊಡುವೆಯಾ ಎಂದರು. ಮಾಲೀಕ ಒಪ್ಪಿದ. ಅದಕ್ಕೂ ಹೆಚ್ಚು ಬಾಳುತ್ತದೆ ಎಂದು ಐನೂರು ಎಂದರು. ಹೀಗೆ ಏರಿಸುತ್ತಾ ಹೋಗಿ ಎಂಟುನೂರು ದಿರ್ಹಮ್ ಕೊಟ್ಟು ಕೊಂಡರು. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುತ್ತೇನೆಂದು ಅಲ್ಲಾಹನ ರಸೂಲ್(ಸ)ರಿಗೆ ಮಾತು ಕೊಟ್ಟಿದ್ದೇನೆ ಎಂಬುದು ಅವರು ಕೊಟ್ಟ ಕಾರಣ. ಇಂದು ದೇವರಾಜ ಮಾರ್ಕೆಟ್‌ನಲ್ಲಿ ಯಾರಾದರೂ ಹೀಗೆ ಮಾಡಿದರೆ ನಾವು ಅವರ ತಲೆ ಸರಿಯಿದೆಯೇ ಎಂದು ಕೇಳುತ್ತೇವೆ. ಎಂಟುನೂರಕ್ಕೆ ಏರಿಸಿ ಎಂದು ನಿಮಗೆ ಯಾರೂ ಹೇಳುತ್ತಿಲ್ಲ. ಮುನ್ನೂರು ಎಂದದ್ದನ್ನು ನೂರಿಪ್ಪತ್ತಕ್ಕೆ ಇಳಿಸದಿದ್ದರೆ ಸಾಕು.

“ಹಝ್ರತ್, ಒಳ್ಳೆಯದು ಬೇಡ ಅಂತ ಯಾರು ಹೇಳಿದರು? ಜೇಬಿನಲ್ಲಿ ಇರಬೇಕಲ್ಲ” ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ದಿನಗೂಲಿಯ ಹುಡುಗ ಅಗ್ಗದ ಪಾನಾ ಕೊಂಡರೆ ಅವನನ್ನು ಬೈಯುವ ಹಕ್ಕು ನಮಗಿಲ್ಲ. ಆದರೆ ಅಗ್ಗದ್ದರ ಪೂರ್ತಿ ಬೆಲೆ ತೆರುವವನೂ ಅವನೇ, ವರ್ಷಕ್ಕೆ ಮೂರು ಸಲ ಕೊಳ್ಳುತ್ತಾನೆ. ಇಡೀ ಸೆಟ್ಟನ್ನು ಅಗ್ಗದಲ್ಲಿ ಕೊಳ್ಳುವ ಬದಲು ದಿನವೂ ಕೈಗೆ ಬರುವ ನಾಲ್ಕನ್ನು ಒಳ್ಳೆಯದು ಕೊಂಡು, ಉಳಿದದ್ದನ್ನು ಉಸ್ತಾದರಿಂದ ಕೇಳಿ ಪಡೆಯುವುದು ಲೇಸು ಎಂದು ಹಳೆಯ ಮೇಸ್ತ್ರಿಗಳು ಹೇಳುತ್ತಾರೆ. ಮೀರತ್ತಿನ ಕತ್ತರಿಯನ್ನು ಟೈಲರ್ ಸಹೋದರರು ಬಲ್ಲಿರಿ. ಅಲ್ಲಿಯ ಕಾರೀಗರರಲ್ಲಿ ನಮ್ಮವರೇ ಹೆಚ್ಚು. ಹಳೆಯ ಗಾಡಿಗಳ ಕಮಾನಿನಂಥ ಗುಜರಿ ಉಕ್ಕಿನಿಂದ ಮಾಡುತ್ತಾರೆ. ಅಜ್ಜ ಕೊಂಡದ್ದನ್ನು ಮೊಮ್ಮಗ ಬಳಸುತ್ತಾನೆ ಎಂದು ಆ ಕತ್ತರಿಗೆ ಹೆಸರು, ಏಕೆಂದರೆ ಮತ್ತೆ ಮತ್ತೆ ಸಾಣೆ ಹಿಡಿಸಬಹುದು, ತಿರುಪು ಬಿಚ್ಚಿ ಸರಿಮಾಡಬಹುದು. ಪ್ಲಾಸ್ಟಿಕ್ ಹಿಡಿಯ ಚೀನಾ ಕತ್ತರಿ ಮೊಂಡಾದರೆ ತಿಪ್ಪೆಗೆ. ಆದರೂ ಅಂಗಡಿಯಲ್ಲಿ ಗೆಲ್ಲುತ್ತಿರುವುದು ಅದೇ.

ಬಡವನ ಔಜಾರಿನ ವಿಚಾರದಲ್ಲಿ ಪ್ರವಾದಿ(ಸ)ರು ಏನು ಮಾಡಿದರು? ಅನ್ಸಾರ್‌ಗಳಲ್ಲಿ ಒಬ್ಬರು ಬೇಡುತ್ತಾ ಬಂದರು. ಮನೆಯಲ್ಲಿದ್ದುದು ಹಾಸಿ ಹೊದೆಯುವ ಒಂದು ಬಟ್ಟೆ, ಒಂದು ಬಟ್ಟಲು. ಅವೆರಡನ್ನೂ ತರಿಸಿ ಪ್ರವಾದಿ(ಸ)ರು ಸ್ವತಃ ಹರಾಜು ಹಾಕಿದರು. ಒಬ್ಬರು ಒಂದು ದಿರ್ಹಮ್ ಎಂದರು. ಬಡವನ ಮಾಲು, ಒಂದು ಸಾಕು ಎನ್ನಲಿಲ್ಲ. ಇದಕ್ಕಿಂತ ಹೆಚ್ಚು ಕೊಡುವವರು ಯಾರೆಂದು ಎರಡು ಮೂರು ಸಲ ಕೇಳಿದರು. ಇನ್ನೊಬ್ಬರು ಎರಡು ಕೊಟ್ಟರು. ಒಂದರಲ್ಲಿ ಮನೆಗೆ ಊಟ, ಇನ್ನೊಂದರಲ್ಲಿ ಕೊಡಲಿ. ಆ ಕೊಡಲಿಗೆ ತಮ್ಮ ಕೈಯಿಂದಲೇ ಕಾವು ಹಾಕಿಕೊಟ್ಟು ಸೌದೆ ಕಡಿಯಲು ಕಳುಹಿಸಿದರು. ಹದಿನೈದು ದಿನದ ಬಳಿಕ ಆತ ಹತ್ತು ದಿರ್ಹಮ್‌ಗಳೊಂದಿಗೆ ಮರಳಿದರು. ಗಮನಿಸಿ, ಹರಾಜಿನಲ್ಲಿ ಬಂದ ಹಣದ ಅರ್ಧ ಭಾಗ ಔಜಾರಿಗೆ ಹೋಯಿತು.

ಬಕ್ರೀದ್ ಬಂದಾಗ ನಮ್ಮ ವರ್ತನೆಯನ್ನೂ ನೋಡಿ. ಬನ್ನೂರು ಕುರಿಗೆ ಹತ್ತಾರು ಸಾವಿರ ಎಣಿಸಿಕೊಡುತ್ತೇವೆ, ಅದರ ಫೋಟೊ ಕುಟುಂಬದ ಗ್ರೂಪಿಗೆಲ್ಲ ಹೋಗುತ್ತದೆ. ಆಮೇಲೆ ಚಾಕುವಿನ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಅರ್ಧ ಗಂಟೆ ವಾದ. ಅಲ್ಲಾಹನು ಪ್ರತಿಯೊಂದರಲ್ಲೂ ಇಹ್ಸಾನನ್ನು ವಿಧಿಸಿದ್ದಾನೆ ಎಂದು ತಿಳಿಸಿದ ಪ್ರವಾದಿ(ಸ)ರು, ಝಬಹ್ ಮಾಡುವವನು ಅಲಗನ್ನು ಹರಿತ ಮಾಡಿಕೊಳ್ಳಬೇಕು, ಪ್ರಾಣಿಗೆ ನೋವು ಕಡಿಮೆಯಾಗುವಂತೆ ನೋಡಬೇಕು ಎಂದು ಕಲಿಸಿದರು. ಸಹೀಹ್ ಮುಸ್ಲಿಮ್‌ನ ಹದೀಸ್ ಇದು. ಮೆತ್ತನೆಯ ಕಬ್ಬಿಣದ ಚಾಕುವಿಗೆ ಎಷ್ಟು ಸಾಣೆ ಹಿಡಿದರೂ ಮೊದಲ ಕುರಿಗೇ ಮೊಂಡು. ನಮ್ಮ ಐವತ್ತು ರೂಪಾಯಿಯನ್ನು ಆ ಮೂಕ ಪ್ರಾಣಿ ತೀರಿಸಬೇಕಾಗುತ್ತದೆ.

ಕೊನೆಯದಾಗಿ ಕಮಿಟಿಗಳ ಮಾತು. ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಟೈಲರ್, ಗಾರೆ ಕೆಲಸದವರೂ ಸೇರಿ 18 ಕಸುಬಿನವರಿಗೆ ಔಜಾರಿಗೆಂದು 15,000 ರೂಪಾಯಿಯ ವರೆಗೆ ನೆರವಿದೆ. ಸಿಕ್ಕಿದವರು ಎಣಿಕೆ ನೋಡದೆ ಗುಣ ನೋಡಿ ಖರ್ಚು ಮಾಡಿರಿ. ಝಕಾತ್‌ನಿಂದ ಔಜಾರು ಕೊಡಿಸುವುದು ನಮ್ಮಲ್ಲೂ ಹಳೆಯ ಕ್ರಮ. ಹನಫಿ ಮಝ್‌ಹಬ್‌ನಲ್ಲಿ ಕಸುಬುದಾರನ ಔಜಾರಿನ ಮೇಲೆ ಝಕಾತ್ ಇಲ್ಲ, ಅದು ಅವನ ಅಗತ್ಯ. ಶಾಫಿಈಗಳ ಇಮಾಮ್ ನವವಿ(ರಹ್ಮತುಲ್ಲಾಹಿ ಅಲೈಹಿ) ಅಲ್ ಮಜ್ಮೂಅ್‌ನಲ್ಲಿ, ಕಸುಬು ಬಲ್ಲ ಬಡವನಿಗೆ ಅವನ ಔಜಾರು ಕೊಳ್ಳುವಷ್ಟು ಝಕಾತ್ ಕೊಡಬೇಕು, ಅದರ ಬೆಲೆ ಕಡಿಮೆಯಿರಲಿ ಹೆಚ್ಚಿರಲಿ ಎಂದು ಬರೆದಿದ್ದಾರೆ. ತರಕಾರಿ ಮಾರುವವನಿಗೆ ಐದೋ ಹತ್ತೋ ದಿರ್ಹಮ್ ಸಾಕಾದರೆ, ರತ್ನದ ವ್ಯಾಪಾರಿಗೆ ಹತ್ತು ಸಾವಿರವೂ ಬೇಕಾಗಬಹುದು ಎಂಬ ಉದಾಹರಣೆ ಅವರದೇ.

ನಮಗೆ ತಿಳಿದ ಒಂದು ಕಮಿಟಿಯವರು ರಮಝಾನ್‌ನಲ್ಲಿ ಇಪ್ಪತ್ತು ಸಹೋದರಿಯರಿಗೆ ಹೊಲಿಗೆ ಯಂತ್ರ ಕೊಡಲು ನಿಶ್ಚಯಿಸಿದರು. ಮೂರು ಕೊಟೇಶನ್ ಬಂತು. ಒಳ್ಳೆಯದಾದರೆ ಹನ್ನೆರಡು ಬರುತ್ತಿತ್ತು, ಅಗ್ಗದ್ದಾದರೆ ಇಪ್ಪತ್ತು. ಪಟ್ಟಿಯಲ್ಲಿ ಇಪ್ಪತ್ತು ಹೆಸರಿದೆ, ವೇದಿಕೆಯಲ್ಲಿ ಇಪ್ಪತ್ತು ಯಂತ್ರ ಕಾಣಬೇಕು, ಅಗ್ಗದ್ದೇ ಬಂತು. ಬಕ್ರೀದ್ ಹೊತ್ತಿಗೆ ದೂರು ಶುರುವಾಯಿತು. ದಾರ ಕಡಿಯುತ್ತದೆ, ಹೊಲಿಗೆ ತಪ್ಪುತ್ತದೆ, ಬಾಬಿನ್ ಕೇಸ್ ಸವೆದಿದೆ. ರಿಪೇರಿಯವರು ಇದಕ್ಕೆ ಕೈ ಹಾಕುವುದಿಲ್ಲ ಎಂದರು. ಗಿರಾಕಿಯ ಬಟ್ಟೆ ಹಾಳುಮಾಡಿ ದಂಡ ಕೊಟ್ಟ ಒಬ್ಬ ವಿಧವೆ ಯಂತ್ರವನ್ನು ಗುಜರಿಗೆ ಹಾಕಿ ಮತ್ತೆ ಅಗರಬತ್ತಿ ಹೊಸೆಯಲು ಕುಳಿತರು.

ಈ ವರ್ಷ ಅದೇ ಕಮಿಟಿಯವರು ಟೈಲರಿಂಗ್ ಬಲ್ಲ ಇಬ್ಬರನ್ನು ಅಂಗಡಿಗೆ ಕರೆದೊಯ್ದು, ಹೊಲಿಸಿ ನೋಡಿ, ಕೇಳಿದ ಬೆಲೆಯಲ್ಲಿ ಸ್ವಲ್ಪವೇ ಕಡಿಮೆ ಮಾಡಿಸಿ ಹನ್ನೆರಡು ಯಂತ್ರ ಗೊತ್ತುಮಾಡಿದ್ದಾರೆ. ಪಟ್ಟಿಯಲ್ಲಿ ಹೆಸರುಗಳು ಮಾತ್ರ ಈಗಲೂ ಇಪ್ಪತ್ತು. ಎಂಟು ಮನೆಗಳಿಗೆ ಮುಂದಿನ ರಮಝಾನ್ ವರೆಗೆ ಕಾಯಿರಿ ಎಂದು ಹೇಳಬೇಕಾಗಿ ಬಂದಿದೆ, ಹೇಳಲು ಹೋದವರು ಕಣ್ಣೊರೆಸಿಕೊಂಡು ಬಂದರು. ಆ ಎಂಟರಲ್ಲಿ ಒಂದನ್ನಾದರೂ ವಹಿಸಿಕೊಳ್ಳಬಲ್ಲವರು ನಮಾಝ್ ಬಳಿಕ ವುಝೂಖಾನೆಯ ಪಕ್ಕದ ಕೋಣೆಯಲ್ಲಿ ನಮ್ಮನ್ನು ಕಾಣಬಹುದು. ಯಂತ್ರದ ಬೆಲೆ ಅಲ್ಲಿ ಬರೆದಿಟ್ಟಿದೆ.